ಗಾಳೆಪ್ಪನ ಕುತ್ತಿಗೆ

ಇಳಕಲ್ಲಿನ ಗಾಳೆಪ್ಪ ಕೆಲವು ತಿಂಗಳಿಂದ ತಲೆಯಾಡಿಸುವುದನ್ನು ಬಿಟ್ಟಿದ್ದಾನೆ. ಚಹಾದಂಗಡಿಯ ಮುರ್ತುಜಸಾಬ "ಇನ್ನೊಂದ ಕಪ್ಪ ಕೊಡ್ಲ್ಯಾ?" ಎಂದರೆ ಕುತ್ತಿಗೆಯನ್ನು ಗೂಟದಂತೆ ನೆಟ್ಟಗಿಟ್ಟುಕೊಂಡು ಬಾಯಿಂದ "ಕೊಡ್ರಿ" ಎನ್ನುತ್ತಾನೆ. ನರ ಹಿಡಿದಿರಬೇಕೆಂದು ಕೆಲವರು ಎಣ್ಣೆ ಹೇಳಿದರು. ಸೊಕ್ಕು ಬಂದಿದೆ ಎಂದು ಕೆಲವರು ಹೇಳಿಕೊಂಡರು. ಎರಡೂ ಅಲ್ಲ. ಆ ಕುತ್ತಿಗೆ ಒಂದು ತಪ್ಪು ಮಾಡಿದೆ. ಅವನು ಅದನ್ನು ಶಿಕ್ಷೆಯಲ್ಲಿಟ್ಟಿದ್ದಾನೆ.

ಬಸ್ ನಿಲ್ದಾಣದ ಎದುರಿಗೆ ಅವನ ಸ್ಟುಡಿಯೋ. ಬೋರ್ಡಿನಲ್ಲಿ ಹೆಸರಿನ ಕೆಳಗೆ 'ನಿರ್ದೇಶಕ' ಎಂದಿದೆ. ಯಾವುದರ ನಿರ್ದೇಶಕ ಎಂದು ಬರೆಸಲು ಜಾಗ ಸಾಲಲಿಲ್ಲ. ಬಸ್ ಪಾಸಿನ ಫೋಟೋ ತೆಗೆಯುವಾಗಲೂ "ಆ್ಯಕ್ಷನ್" ಎಂದು ಕೂಗುವುದರಿಂದ ಊರಿನ ಅರ್ಧ ಹುಡುಗರ ಪಾಸಿನಲ್ಲಿ ಗಾಬರಿಬಿದ್ದ ಮುಖಗಳಿವೆ.

ಅವನ ದೊಡ್ಡ ವಿದ್ಯೆ 'ಡಬಲ್'. ಅಂದರೆ ಓಡುವ ಒಂದು ಚಿತ್ರದ ಮೇಲೆ ಓಡುವ ಇನ್ನೊಂದನ್ನು ತೆಳ್ಳಗೆ ಮಾಡಿ ಹೊದಿಸುವುದು. ಒಂದನ್ನು ತುಸು ಮಸುಕು ಮಾಡಿ ಇನ್ನೊಂದನ್ನು ತುಸು ಗಟ್ಟಿ ಮಾಡಿದರೆ ಎರಡೂ ಬೆರೆತು ಒಂದೇ ಆಗಿ ಕಾಣುತ್ತವೆ. ಅವನ ಮದುವೆ ವಿಡಿಯೋಗಳಲ್ಲಿ ಬಾದಾಮಿಯ ಹೊಂಡದ ನೀರು ಅಲುಗುತ್ತದೆ, ನೀರಿನೊಳಗೆ ಮದುಮಗಳು ನಗುತ್ತಾಳೆ. ಒಮ್ಮೆ ಬಾದಾಮಿಯ ಮಂಗವೊಂದು ಮದುಮಗಳ ಮೂಗಿನಿಂದ ಹಣೆಗೆ ಹತ್ತಿ ಹೋದದ್ದು ಬೀಗರ ಮನೆಯಲ್ಲಿ ಎಲ್ಲರೂ ಕೂತು ನೋಡುವಾಗಲೇ ಗೊತ್ತಾಯಿತು. "ಹಣಮಪ್ಪನ ಆಶೀರ್ವಾದ್ರಿ" ಎಂದು ಪಾರಾಗಿದ್ದ. ಹಾಗೆ ಪಾರಾದದ್ದೇ ಮುಳುವಾಯಿತು. ಡಬಲ್‌ನಲ್ಲಿ ಏನು ತಪ್ಪಿದರೂ ಒಂದು ಮಾತಿನಿಂದ ಮುಚ್ಚಬಹುದೆಂದು ನಂಬಿಬಿಟ್ಟ.

ಅಂಥ ಹೊತ್ತಿನಲ್ಲಿ ಸಾವಿತ್ರೆವ್ವ ಬಂದಳು. ಗಂಡ ಶಂಕ್ರಪ್ಪನವರು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತರಾಗಿದ್ದ ಅವರ ತಲೆ, ಅರ್ಜಿ ಹಿಡಿದು ಬಂದವರಿಗೆ 'ಆಗೂದಿಲ್ಲ' ಎಂದು ಎಂದು, ಎಡಕ್ಕೂ ಬಲಕ್ಕೂ ಮಾತ್ರ ತಿರುಗುವಂತೆ ಪಳಗಿತ್ತು. ನಿವೃತ್ತರಾದ ಮೇಲೆ ಆ ಸೇವೆಯನ್ನು ಮನೆಯಲ್ಲಿ ಮುಂದುವರಿಸಿದ್ದರು. ಪುಣ್ಯಸ್ಮರಣೆಯ ದಿನ ಮೊಬೈಲಿನಲ್ಲಿ ಹಚ್ಚಲು ಅವರದೊಂದು ಓಡುವ ಫೋಟೋ ಬೇಕಾಗಿತ್ತು. ಗಾಳೆಪ್ಪ ಎಂದಿನಂತೆ ಫೋಟೋದ ಮೇಲೆ ಹೊಂಡದ ನೀರು ಹರಿಸಿ ತೋರಿಸಿದ.

"ನೀರ ಅಲಗ್ಯಾಡತೈತೆಪ್ಪಾ, ಅವ್ರು ಅಲಗ್ಯಾಡವಲ್ರು," ಎಂದಳು ಸಾವಿತ್ರೆವ್ವ. "ಮಂದಿ ಮೊಬೈಲ್‌ದಾಗ ಸತ್ತಾವ್ರು ಕಣ್ಣ ಪಿಳಿಪಿಳಿ ಬಿಡ್ತಾರ, ನಗ್ತಾರ. ನಮ್ಮವ್ರದು ಆಗೂದಿಲ್ಲೇನು?"

ಈಗೀಗ ಬಂದಿರುವ ಆ ವಿದ್ಯೆ ಗಾಳೆಪ್ಪನಿಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನಲು ಬೋರ್ಡು ಬಿಡಲಿಲ್ಲ. "ನಿರ್ದೇಶಕರ ಕೈಯಾಗ ಆಗದ್ದ ಏನೈತ್ರಿ ಎವ್ವಾ? ನಾಳಿ ಬರ್ರಿ," ಎಂದ.

ಅಂದು ಸಂಜೆ ಹಣೆಗೆ ಶಂಕ್ರಪ್ಪನವರಂತೆ ವಿಭೂತಿ ಬಳಿದುಕೊಂಡು, ತಲೆಗೆ ಕರಿ ಟೊಪ್ಪಿಗೆ ಇಟ್ಟುಕೊಂಡು ತಾನೇ ಕ್ಯಾಮೆರಾದ ಮುಂದೆ ಕೂತ. ಊಟಕ್ಕೆ ಕರೆಯಲು ಬಂದ ಹೆಂಡತಿ ಲಗಮವ್ವ ಬಾಗಿಲಲ್ಲೇ ನಿಂತಳು.

"ನಮ್ಮನ್ಯಾಗ ಯಾರೂ ಸತ್ತಿಲ್ಲಲ್ರಿ, ಯಾಕ ಹಿಂಗ ಕುಂತೀರಿ?"

"ಸುಮ್ನಿರ. ಕೆಲಸಾ ನಡದೈತಿ."

ವಿಷಯ ತಿಳಿದ ಮೇಲೆ ಅವಳು ಹೇಳಿದಳು: "ಇನ್ನೊಬ್ಬಾಕಿ ಗಂಡನ ಮಾರಿಗೆ ನಿಮ್ಮ ಮಾರಿ ಕೂಡಸ್ತೀರಿ. ನಾಳಿಂದ ಸಂತಿನೂ ಆಕಿ ಮನಿಗೇ ಮಾಡಿ ಹಾಕ್ರಿ."

ಗಾಳೆಪ್ಪ ಶಂಕ್ರಪ್ಪನವರ ಫೋಟೋವನ್ನು ಕಂಪ್ಯೂಟರಿನಲ್ಲಿ ಮೆಲ್ಲಗೆ ತೂಗಿಸಿ, ಅದರ ಅಡಿಗೆ ತನ್ನ ತಲೆಯಾಟವನ್ನು ಹೊಂದಿಸಿದ. ಮೇಲೆ ಗಟ್ಟಿಯಾಗಿ ಶಂಕ್ರಪ್ಪನವರು, ಕೆಳಗೆ ಹೊಗೆಯಂತೆ ಗಾಳೆಪ್ಪ. ಬೆರೆತ ಮುಖ ರೆಪ್ಪೆ ಬಡಿದು, ಹೌದೆಂಬಂತೆ ತಲೆಯನ್ನು ಮೇಲೆ ಕೆಳಗೆ ಆಡಿಸಿ, ಕೊನೆಗೆ ಎಡಗಣ್ಣನ್ನು ಒಂದಿಷ್ಟು ಕಿರಿದು ಮಾಡುತ್ತಿತ್ತು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಸಾವಿತ್ರೆವ್ವ ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹೂಂ ಅನ್ನಾಕತ್ತಾರಲ್ಲೋ ತಮ್ಮಾ! ಎಲ್ಲಿ ಸಿಕ್ತೋ ಇದು?"

"ಯಾರದೋ ಮದುವಿ ವಿಡಿಯೋದಾಗ ಕುಂತಿದ್ರು ನೋಡ್ರಿ, ಅಲ್ಲಿಂದ ತಗದೇನಿ," ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದೂ ತನ್ನ ಕಲೆಯ ಒಂದು ಭಾಗವೆಂದೇ ಅವನಿಗೆ ಅನ್ನಿಸಿತು.

ಹದಿನೈದು ದಿನ ಕಳೆದಿರಬಹುದು. ಸಾವಿತ್ರೆವ್ವ ಡಬ್ಬಿಯಲ್ಲಿ ಸಿಹಿ ಮಾದಲಿ ತುಂಬಿಕೊಂಡು ಬಂದಳು. "ಶಿರೂರಿಗೆ ಹೋಗಿದ್ನೆಪ್ಪಾ, ತವರಮನಿಗೆ. ನಮ್ಮಣ್ಣ ನನ್ನ ನೋಡಿ ಸಣ್ಣ ಹುಡುಗರಂಗ ಅತ್ತ."

ಆ ತವರಿನ ಕತೆ ಗಾಳೆಪ್ಪನಿಗೂ ಗೊತ್ತಿತ್ತು. ಬಹಳ ವರ್ಷಗಳ ಹಿಂದೆ ಶಿರೂರಿನ ಮದುವೆಯೊಂದರಲ್ಲಿ ಶಂಕ್ರಪ್ಪನವರನ್ನು ಎರಡನೆಯ ಪಂಕ್ತಿಗೆ ಕೂಡಿಸಿದ್ದರು. ಒಬ್ಬ ಹಿರಿಯ ಗುಮಾಸ್ತರನ್ನು! ಅಂದೇ ಅವರು ಹೆಂಡತಿಯ ಕೈಯನ್ನು ಅವಳ ಕೊರಳಿನ ಲಿಂಗದ ಮೇಲೆ ಇಡಿಸಿ, ಆ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಮಾಡಿಸಿದ್ದರು.

"ಆಣಿ ಇತ್ತಲ್ರಿ?" ಎಂದ ಗಾಳೆಪ್ಪ.

"ಅವ್ರನ್ನ ಕೇಳೇ ಹೋದ್ನೋ. ಪೂಜಿ ಮುಗಿಸಿ, ಮೊಬೈಲ್ ದೇವರ ಜಗಲಿ ಮ್ಯಾಲ ಇಟ್ಟು, 'ಹೋಗ್ಲ್ಯಾ?' ಅಂದ್ನಿ. ಹೂಂ ಅಂದ್ರು."

ದೇವರ ಮುಂದೆ ಅಪ್ಪಣೆ ಕೇಳಿ ಕೂತವರು ಹೂವು ಬಲಕ್ಕೆ ಬೀಳಲೆಂದು ಕಾಯುತ್ತಾರೆ. ದೇವರ ಹೂವು ಎಡಕ್ಕೂ ಬೀಳುತ್ತದೆ, ಒಮ್ಮೊಮ್ಮೆ ಬೀಳುವುದೇ ಇಲ್ಲ. ಗಾಳೆಪ್ಪನ ಹೂವಿಗೆ ಬಲವೊಂದೇ ಗೊತ್ತಿತ್ತು. ಬಾಯಿಗೆ ಒಯ್ದಿದ್ದ ಮಾದಲಿಯನ್ನು ಮರಳಿ ಡಬ್ಬಿಗೆ ಹಾಕಿದ. ಲಿಂಗ ಮುಟ್ಟಿ ಮಾಡಿದ ಆಣೆಯನ್ನು ಒಬ್ಬ ಹೆಂಗಸು ಅವನ ಕುತ್ತಿಗೆಯನ್ನು ನಂಬಿ ಮುರಿದಿದ್ದಾಳೆ.

"ಹೋಗಿ ಖರೇ ಹೇಳ್ರಿ," ಎಂದಳು ರಾತ್ರಿ ಸಂಗತಿ ಕೇಳಿದ ಲಗಮವ್ವ. ಅವನು ಹೇಳಲಿಲ್ಲ. ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡ. ಆದರೆ ಒಳ್ಳೆಯದು ಮಾಡಿದವನು ಸಾವಿತ್ರೆವ್ವನ ಓಣಿ ಬಿಟ್ಟು ಕೆರೆಯ ಕಡೆಯಿಂದ ಸುತ್ತುಹಾಕಿ ಮನೆಗೆ ಹೋಗತೊಡಗಿದ. ಕನ್ನಡಿಯಲ್ಲಿ ಕ್ಷೌರ ಮಾಡಿಕೊಳ್ಳುವಾಗ ತಲೆ ಎತ್ತಿ ಇಳಿಸಿದರೂ ಮೈ ಜುಮ್ಮೆನ್ನುತ್ತಿತ್ತು.

ಆಮೇಲೆ ಒಂದು ದಿನ ಸಾವಿತ್ರೆವ್ವನ ಮಗಳು ರಾಧಿಕಾ ಸ್ಟುಡಿಯೋಕ್ಕೆ ಬಂದಳು. ಬಾಗಲಕೋಟೆಯಲ್ಲಿ ನರ್ಸಿಂಗ್ ಓದುವ ಹುಡುಗಿ.

"ಕಾಕಾ, ನಮ್ಮಪ್ಪನ ತಲಿ ಅಲ್ಲಾಡೂದನ್ನ ನಿಲ್ಲಸ್ರಿ."

"ಯಾಕವಾ?"

"ಶಿರೂರ ಮಾಮಾ ತನ್ನ ಮಗಗ ನನ್ನ ಕೇಳ್ಯಾನ. ಅಂವನ್ನ ನಾ ಎರಡ ಸಲಾ ನೋಡೇನಿ, ಎರಡೂ ಸಲಾ ಅಂವಾ ಮೊಬೈಲ್ ನೋಡ್ಕೋತ ಕುಂತಿದ್ದ. ನಾ ಓದಬೇಕು, ಒಲ್ಲೆ. ಅವ್ವ 'ಸೋಮವಾರ ನಿಮ್ಮಪ್ಪನ್ನ ಕೇಳೂಣು' ಅಂತಾಳ." ಅವಳು ಅವನ ಮುಖವನ್ನೇ ನೋಡಿದಳು. "ಅಪ್ಪ ಏನ ಹೇಳ್ತಾನ ಅನ್ನೂದು ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ."

ನಿರ್ದೇಶಕನಿಗೆ ಮೊದಲು ಹೊಳೆದದ್ದು ಮತ್ತೊಂದು ಡಬಲ್. ಅಡ್ಡಡ್ಡ ತಲೆಯಾಡಿಸಿ ಒಂದು 'ಬ್ಯಾಡ' ಮಾಡಿ, 'ಇನ್ನಷ್ಟು ಸ್ವಚ್ಛ ಮಾಡೇನ್ರಿ' ಎಂದು ಕಳಿಸಿದರಾಯಿತು! ವಿಭೂತಿ ಬಳಿದುಕೊಂಡು ಕೂತೂ ಆಯಿತು. ಕ್ಯಾಮೆರಾದ ಗಾಜಿನಲ್ಲಿ ತನ್ನ ಮುಖ ಸಣ್ಣದಾಗಿ ಕಂಡಿತು. ಸತ್ತವರ ಪರವಾಗಿ ಹೂಂ ಅಂದದ್ದಾಯಿತು, ಇನ್ನು ಊಹೂಂ ಕೂಡ ಅನ್ನಬೇಕೇ ಎನ್ನಿಸಿ, ಒದ್ದೆ ಬಟ್ಟೆಯಿಂದ ಹಣೆ ಒರೆಸಿಕೊಂಡ.

ಸೋಮವಾರ ಬೆಳಿಗ್ಗೆ ಸಾವಿತ್ರೆವ್ವನ ಮನೆಗೆ ಹೋದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿದ್ದ, ಹೊಸ್ತಿಲು ದಾಟುವಷ್ಟರಲ್ಲಿ ಅದು ಮಾಯವಾಗಿತ್ತು. ಸಾವಿತ್ರೆವ್ವ ಜಗಲಿಯ ಮುಂದೆ ಕೂತಿದ್ದಳು. ರಾಧಿಕಾ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು.

"ಚಲೋ ಹೊತ್ತಿಗೆ ಬಂದಿ, ಕುಂಡ್ರು," ಎಂದು ಸಾವಿತ್ರೆವ್ವ ಮೊಬೈಲಿನತ್ತ ತಿರುಗಿದಳು. "ನೋಡ್ರಿ, ಅಣ್ಣನ ಮಗಗ ನಮ್ಮ ಹುಡಿಗೀನ್ನ ಕೊಡ್ಲ್ಯಾ?"

ಮೊಬೈಲಿನಲ್ಲಿ ತಲೆ ಮೇಲೆದ್ದಿತು.

"ಬ್ಯಾಡ್ರಿ ಎವ್ವಾ!" ಗಾಳೆಪ್ಪ ಕೂಗಿಯೇಬಿಟ್ಟ. "ಅದು ಅವರಲ್ರಿ. ನಾನ್ರಿ. ಫೋಟೋ ಅವರದು, ತಲಿ ಆಡ್ಸಿದಾಂವ ನಾ."

ಸಾವಿತ್ರೆವ್ವನಿಗೆ ಅರ್ಥವಾಗಲಿಲ್ಲ. "ಖರೇನ?" ಎಂದಳು.

ಗಾಳೆಪ್ಪ ತಲೆಯಾಡಿಸಿದ. ಮೇಲೆ, ಕೆಳಗೆ; ಕೊನೆಗೆ ಎಡಗಣ್ಣು ತನಗೆ ತಾನೇ ಕಿರಿದಾಯಿತು.

ಅವಳು ಮೊಬೈಲು ನೋಡಿದಳು. ಅವನನ್ನು ನೋಡಿದಳು. ಮತ್ತೆ ಮೊಬೈಲು ನೋಡಿದಳು. ಅಲ್ಲಿ ತಲೆ ಇನ್ನೂ ಹೂಂ ಅನ್ನುತ್ತಲೇ ಇತ್ತು. ಅದನ್ನು ಬೋರಲು ಹಾಕಿದಳು.

"ಹಂಗಾರ ಶಿರೂರಿಗೆ ಹೋಗಂದಾಂವ ನೀನು."

"ನಾನ್ರಿ. ತಪ್ಪಾತ್ರಿ."

"ಲಿಂಗ ಮುಟ್ಟಿ ಆಣಿ ಮಾಡಿದ್ನೋ." ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಕೊರಳಿನ ಲಿಂಗವನ್ನು ಸೆರಗಿನೊಳಗೆ ಹಿಡಿದುಕೊಂಡಳು. "ಮದುವಿಯಾದ ಮ್ಯಾಲ ಒಂದ ದಿನಾ ನನ್ನ ಮಾತಿಗೆ ಹೂಂ ಅನ್ನಲಿಲ್ಲ ಅವ್ರು. ಸತ್ತಾದರೂ ಅಂದ್ರಲ್ಲ ಅಂತ ಎಷ್ಟ ಖುಷಿಪಟ್ಟಿದ್ನಿ. ಅದನ್ನೂ ಕಸಗೊಂಡಿ." ಯಾರಿಗೂ ಅಲ್ಲವೆಂಬಂತೆ ಕೇಳಿದಳು: "ಇನ್ನ ನಾ ಯಾರನ್ನ ಕೇಳ್ಲಿ?"

"ನನ್ನನ್ನ ಕೇಳ ಬೇ," ಎಂದಳು ಬಾಗಿಲಲ್ಲಿದ್ದ ರಾಧಿಕಾ.

ಮುಂದಿನದನ್ನು ಕೇಳುವ ಯೋಗ್ಯತೆ ತನಗಿಲ್ಲವೆಂದು ಗಾಳೆಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಅಂದೇ ತನ್ನ ಕಂಪ್ಯೂಟರಿನಿಂದ ಆ ಡಬಲ್ ಅಳಿಸಿ, ಶಂಕ್ರಪ್ಪನವರ ಅಲುಗದ ಫೋಟೋವನ್ನು ಚೌಕಟ್ಟು ಹಾಕಿಸಿ ಕಳಿಸಿದ. ಕುತ್ತಿಗೆಗೆ ಶಿಕ್ಷೆ ಶುರುವಾದದ್ದೂ ಅಂದೇ.

ಕಳೆದ ವಾರ ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆರೆಯುವಾಗ ಎದುರಿಗೆ ಬಾಗಲಕೋಟೆಯ ಬಸ್ಸು ನಿಂತಿತ್ತು. ಚೀಲ ಹಿಡಿದು ಸಾವಿತ್ರೆವ್ವ ಬಂದಳು. ಅಂದಿನಿಂದ ಇಬ್ಬರೂ ಎದುರುಬದುರಾಗಿರಲಿಲ್ಲ. ಒಳಗೆ ಜಾರಿಕೊಳ್ಳೋಣವೆಂದರೆ ಬೀಗ ತೆಗೆಯಲು ಬರಲೊಲ್ಲದು.

"ಈ ಬಸ್ಸು ಶಿರೂರಾಗ ನಿಂದ್ರತೈತೇನು?" ಎಂದು ಅವಳು ಅವನನ್ನೇ ಕೇಳಿದಳು.

ಗಾಳೆಪ್ಪ ಬಾಗಿಲಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಬೀಗ ಹಿಡಿದು, ಕುತ್ತಿಗೆ ಸೆಟೆಸಿಕೊಂಡು ಹೇಳಿದ: "ನಿಂದ್ರತೈತ್ರಿ."

"ರಾಧಿಕಾ ಒಲ್ಲೆ ಅಂದ್ಲು. ಅಣ್ಣಗ ನಾನ ಹೋಗಿ ಹೇಳಿ ಬರ್ತೇನಿ. ಯಾರನ್ನೂ ಕೇಳಿಲ್ಲ ಈ ಸಲಾ." ಬಸ್ಸಿನ ಮೆಟ್ಟಿಲು ಹತ್ತುತ್ತ ತಿರುಗಿ ನೋಡಿದಳು. "ಏನೋ, ಕುತ್ತಿಗಿ ಹಿಡಕೊಂಡೈತೇನು?"

ಗಾಳೆಪ್ಪ ಬಸ್ಸು ಹೊರಟು ತಿರುವು ದಾಟುವವರೆಗೂ ಬೀಗ ಹಿಡಿದುಕೊಂಡೇ ನಿಂತಿದ್ದ.