ರೋಸಾ ಆಂಟಿಯ ಮೊದಲ ಗುಟುಕು

ವಿದೇಶದಲ್ಲಿ ನಾವಿದ್ದ ಹೊಸ ಬಡಾವಣೆ ದಿ ಪಾಂಡ್ಸ್‌ನಲ್ಲಿ ಆಗಿನ್ನೂ ಅರ್ಧಕ್ಕರ್ಧ ಸೈಟು ಖಾಲಿ. ಉಡುಪಿಯಿಂದ ಬಂದಿದ್ದ ಅಮ್ಮನಿಗೆ ಹಗಲೆಲ್ಲ ಮಾತಿಗೆ ಜನವಿಲ್ಲ. ಒಂದು ಶನಿವಾರ ಪಕ್ಕದ ಮನೆಯ ರೋಸಾ ಆಂಟಿ ನಮ್ಮನ್ನು ಕರೆದು, ತಮ್ಮ ಉರುಗ್ವೆ ದೇಶದ ಮಾಟೆ ಚಹಾ ಮಾಡಿದರು. ಒಂದೇ ಸೋರೆಬುರುಡೆ, ಒಂದೇ ಕೊಳವೆ, ಎಲ್ಲರೂ ಸರದಿಯಲ್ಲಿ ಹೀರಬೇಕು. ಆಂಟಿ ಮೊದಲು ತಾವೇ ಹೀರಿ, ಮತ್ತೆ ಬಿಸಿನೀರು ಹಾಕಿ ಅಮ್ಮನ ಕೈಗೆ ಕೊಟ್ಟರು.

"ಎಂಜಲು ಮಾಡಿ ಕೊಡುದಾ ಮಾರಾಯ?" ಅಮ್ಮ ನನ್ನ ಕಿವಿಯಲ್ಲಿ ಅಂದಳು.

ನಾನು ಆಂಟಿಯನ್ನೇ ಕೇಳಿದೆ. "ಮೊದಲನೆಯದು ವಿಪರೀತ ಕಹಿ. ಮನೆಗೆ ಬಂದವರಿಗೆ ಅದನ್ನು ಹೇಗೆ ಕೊಡಲಿ?" ಅಂದರು.

ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಬುರುಡೆಯನ್ನೇ ನೋಡಿದಳು, ಕಣ್ಣು ಮುಚ್ಚಿ ಹೀರಿದಳು. ಆಮೇಲೆ ದಿನಾ ಹೋಗತೊಡಗಿದಳು.

ಒಂದು ದಿನ ಮನೆಯಲ್ಲಿ ಅವಳ ಕಾಫಿ ಲೋಟಕ್ಕೆ ಬಾಯಿಟ್ಟು, "ಕಹಿಯಾ ಅಂತ ನೋಡಿದೆ" ಅಂದೆ.

"ನನ್ನ ಕಾಫಿ ಕಹಿಯಾ? ಎಂಜಲು ಮಾಡಿದಿ, ಬೇರೆ ಲೋಟ ತಾ!"