ನಿಲ್ಲಿಸಿದ್ದು ಫೋನನ್ನಲ್ಲ, ಅಜ್ಜಿಯನ್ನು

ಸಿಟ್ಟಿನಲ್ಲಿ ಬರೆಯುತ್ತಿರುವುದರಿಂದ ಡೈರಿಯಲ್ಲಿಟ್ಟ ಲೆಕ್ಕವನ್ನು ಎರಡು ಸಲ ನೋಡಿಕೊಂಡಿದ್ದೇನೆ. ಕಳೆದ ವಾರ, ಸೋಮವಾರದಿಂದ ಭಾನುವಾರದವರೆಗೆ, ಅಣ್ಣನ ಮಗಳ ಕೈಗೆ ಫೋನು ಬಂದದ್ದು ನಲವತ್ತೊಂದು ಸಲ. ಅವಳು ನಮ್ಮಲ್ಲಿ ಯಾರನ್ನಾದರೂ ಬಾಯಿಬಿಟ್ಟು ಕರೆದದ್ದು ಒಂದು ಸಲವೂ ಇಲ್ಲ. ಅವಳಿಗೆ ಮೂರು ವರ್ಷ ತುಂಬಿದೆ.

ಕೊಟ್ಟೂರಿನಲ್ಲಿ ಅಣ್ಣನದು ಬೈಕ್ ರಿಪೇರಿ ಅಂಗಡಿ. ಮನೆಯೊಳಗೆ ನಮ್ಮ ಮಾತು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ನಾನೂ ಅಣ್ಣನೂ ಹಾಗೇ ಬೆಳೆದವರು. ಮಗುವಿನ ಫೋನು ಮಾತ್ರ ಹಿಂದಿ, ಇಂಗ್ಲಿಷಿನಲ್ಲಿ ಹಾಡುತ್ತದೆ. ಬಣ್ಣಗಳ ಹೆಸರನ್ನು ಅವಳು ಇಂಗ್ಲಿಷಿನಲ್ಲಿ ಒಪ್ಪಿಸುತ್ತಾಳೆ, ನೀರು ಬೇಕಾದರೆ ಕಿರುಚುತ್ತಾಳೆ.

ಅದಕ್ಕೂ ಹಿಂದಿನ ವಾರ ಹರಪನಹಳ್ಳಿಯ ಮಕ್ಕಳ ಡಾಕ್ಟರಿಗೆ ತೋರಿಸಿದ್ದೆವು. ಕಿವಿ ಸರಿಯಿದೆ, ಫೋನು ನಿಲ್ಲಿಸಿ, ಮಾತಾಡಿಸಿ ಎಂದರು. ಮನೆಯಲ್ಲಿ ಯಾವ ಭಾಷೆ ಎಂದೂ ಕೇಳಿ ಬರೆದುಕೊಂಡರು, ಅಷ್ಟೇ. ಅಣ್ಣ ಹಿಡಿದುಕೊಂಡದ್ದು ಆ ಪ್ರಶ್ನೆಯನ್ನು. ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನವಾಯಿತು: ಎರಡು ಭಾಷೆ ಬೆರೆತು ಮಗುವಿಗೆ ಗೊಂದಲವಾಗಿದೆ, ಕನ್ನಡ ಬಂದ್.

ಕನ್ನಡ ಬಂದ್ ಎಂದರೆ ಪಕ್ಕದ ಮನೆಯ ಅಜ್ಜಿ ಬಂದ್. ಅವರದು ಕುರಿ ಸಾಕುವ ಮನೆ. ಮಗ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗುತ್ತಾನೆ. ಸಂಜೆ ಅವನ ಫೋನು ಬಂದರೆ ಅಜ್ಜಿಯ ಮೊಮ್ಮಗ ಒಂದೊಂದೇ ಕುರಿಯ ಸುದ್ದಿ ಕೇಳುತ್ತಾನೆ. ಮಾತು ಮುಗಿದರೆ ಫೋನು ಗೋಡೆಯ ಗೂಡಿಗೆ.

ಅಣ್ಣನ ಹೆಂಡತಿ, ನಮ್ಮ ಭಾಭಿ, ನಮ್ಮ ಬಾಗಿಲಲ್ಲೇ ನಿಂತು ಹೇಳಿದರು: “ಅಜ್ಜಿ, ಸ್ವಲ್ಪ ದಿನ ಅಕಿ ಕೂಡ ಮಾತಾಡಬ್ಯಾಡ್ರಿ.”

“ಯಾಕವ್ವಾ, ನನ್ನ ಮಾತಿಗೆ ಹುಳ ಬಿದ್ದಾವೇನು?”

“ಹಂಗಲ್ರಿ. ಎರಡು ಭಾಷಿ ಆಗಿ ತಲಿ ಕೆಡತೈತಂತ.”

“ಹಂಗಾರ ಒಳಗ ಹಾಡಾಕತ್ತೈತಲ್ಲ, ಅದು ಯಾವ ಭಾಷಿ?”

ಭಾಭಿ ಒಳಗೆ ಹೋಗಿ ಫೋನಿನ ಸದ್ದು ತಗ್ಗಿಸಿದರು.

ಭಾನುವಾರ ರಾತ್ರಿ ಅಂಗಡಿ ಮುಚ್ಚುವ ಮುನ್ನ ಡೈರಿಯನ್ನು ಅಲ್ಲಿಗೇ ಒಯ್ದು ಅಣ್ಣನ ಮುಂದಿಟ್ಟೆ. ಅಂಗಡಿಯಲ್ಲಿ ಅವನು ನನ್ನ ಜೊತೆಗೂ ಕನ್ನಡವನ್ನೇ ಆಡುತ್ತಾನೆ. ‘ಕೊಟ್ಟವರು ಯಾರು’ ಎಂಬ ಸಾಲಿನ ಮೇಲೆ ಗ್ರೀಸಿನ ಬೆರಳು ಓಡಿಸಿದ.

“ನಿನ್ನವೂ ಒಂಬತ್ತು ಅದಾವಲ್ಲಲೇ!”

ನಿಜ. ಇದೇ ಡೈರಿ ಬರೆಯಲು ಅವಳು ಬಿಡಲಿ ಎಂದು ಕೊಟ್ಟದ್ದು. ನನಗೆ ನನ್ನ ಮೇಲೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

“ಅದಾವ. ಉಳಿದ ಮೂವತ್ತೆರಡು ಯಾರವು, ಎಣಿಸು.”

ಅವನು ಎಣಿಸಲಿಲ್ಲ, ಪಾನಾ ಎತ್ತಿಕೊಂಡು ಬೈಕಿನ ನಟ್ಟಿಗೆ ಹಾಕಿದ.

ಸೋಮವಾರ ಮಧ್ಯಾಹ್ನ ಭಾಭಿ ಮಲಗಿದ್ದಾಗ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತು, ಮಗುವನ್ನು ಎತ್ತಿಕೊಂಡು ಅಜ್ಜಿಯ ಮನೆಗೆ ಹೋದೆ. ಇಪ್ಪತ್ತು ನಿಮಿಷ ಅತ್ತಳು, ನನ್ನ ಮುಖ ಪರಚಿದಳು. ಅಜ್ಜಿ ಅವಳನ್ನು ಸಮಾಧಾನಪಡಿಸಲು ಬರಲಿಲ್ಲ. ಕಾಲು ನೋವಾಗಿ ಮನೆಯಲ್ಲೇ ಉಳಿದಿದ್ದ ಕುರಿಮರಿಗೆ ಸೊಪ್ಪು ಹಿಡಿದು “ಬಾ, ಬಾ” ಎಂದು ಕರೆಯುತ್ತಿದ್ದರು. ಅಳು ನಿಂತಿತು. ಅಜ್ಜಿ ಸೊಪ್ಪನ್ನು ಅವಳ ಕೈಗಿತ್ತು ಸುಮ್ಮನೆ ಕುಳಿತರು. ಮರಿ ಕದಲಲಿಲ್ಲ. ಮಗು ಅದನ್ನು ನೋಡಿತು, ನನ್ನನ್ನು ನೋಡಿತು.

“ಬಾ,” ಎಂದಿತು.

ಮರಿ ಕುಂಟುತ್ತ ಬಂತು.

ಹುಡುಕಿಕೊಂಡು ಬಂದ ಭಾಭಿ ಬಾಗಿಲಲ್ಲಿದ್ದರು. ಕಣ್ಣು ತುಂಬಿದ್ದರೂ ಬಾಯಿಂದ ಬಂದದ್ದು ಬೇರೆ: “ಕನ್ನಡದಾಗ ಅಂದ್ಲಲ್ಲ!”

“ಉರ್ದುದಾಗ ಕರೆದ್ರೂ ಬರತೈತಿ, ಬೇಕಾರ ನೀನ ಕರಿ,” ಎಂದರು ಅಜ್ಜಿ. “ಆದ್ರ ನೀನ ಕರೀಬೇಕವ್ವಾ, ಆ ಫೋನಲ್ಲ.”

ಸಂಜೆಯ ಹೊತ್ತಿಗೆ ಫೋನು ಅಕ್ಕಿಯಿಂದ ಹೊರಬಂದಿತ್ತು. ಡೈರಿಯಲ್ಲಿ ಸೋಮವಾರದ ಸಾಲು: ಫೋನು ಎರಡು, ಕರೆದದ್ದು ಒಂದು. ಎರಡೂ ಸಲ ಕೊಟ್ಟವನು ಅಣ್ಣ. ಇನ್ನು ಕದ್ದು ಹೂಳುವುದಿಲ್ಲ. ಅವನ ಕಣ್ಣೆದುರೇ ಹೂಳುತ್ತೇನೆ.