ಬಾಟಲಿಯಲ್ಲಿ ಸಿಕ್ಕ ಸಕ್ಕರೆ

ನಮ್ಮ ಮನೆಯವರ ಹೆಸರು ಚನಮಲ್ಲಪ್ಪ. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಈಗ ಬರೆಯುತ್ತೇನೆ. ಹೋಗಿ ಒಂಬತ್ತು ತಿಂಗಳಾಯಿತು. ಎದೆನೋವು ಬಂತು, ಜಮಖಂಡಿ ಮುಟ್ಟುವುದರೊಳಗೆ ಮುಗಿಯಿತು. ಗುಳಿಗೆ ತಿಂದು ಸತ್ತ ಅಂತ ಊರಲ್ಲಿ ಕೆಲವರು ಅಂದರು. ಅದು ಸುಳ್ಳು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ಆ ಸುಳ್ಳು ಅಳಿಸಲು ಬರೆಯುತ್ತಿದ್ದೇನೆ.

ರಬಕವಿಯಲ್ಲಿ ನಮ್ಮದು ಕುಣಿಮಗ್ಗ. ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮೂವತ್ತು ವರ್ಷ ಸೀರೆ ನೇಯ್ದರು. ಬೆನ್ನು ಹೋಯಿತು. ಯಾರೋ ನೋವಿನ ಗುಳಿಗೆ ಕೊಟ್ಟರು. ಮೊದಲು ದಿನಕ್ಕೆ ಒಂದು, ಆಮೇಲೆ ಎಂಟು. ನೋವು ಇಲ್ಲದ ದಿನವೂ ಬೇಕಾಯಿತು. ಡಾಕ್ಟರ ಚೀಟಿ ಇಲ್ಲದೆ ಇಟ್ಟುಕೊಳ್ಳಬಾರದ ಗುಳಿಗೆ ಅದು. ಬನಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಹಿಡಿದಾಗ ಕಿಸೆಯಲ್ಲಿ ಎರಡು ಸ್ಟ್ರಿಪ್ ಇದ್ದವು.

ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಸರಕಾರ ಕೊಟ್ಟ ವಕೀಲರ ಹೆಸರು ವಿಶ್ವಾಸ. ಇವರು ಮಾರುವವರಲ್ಲ, ತಿನ್ನುವವರು, ಇವರಿಗೆ ಬೇಕಾದದ್ದು ಔಷಧ ಅಂತ ವಾದ ಮಾಡಿದರು. ಜಡ್ಜ್ ಸಾಹೇಬರು ಒಪ್ಪಿ ಶಿಕ್ಷೆ ಹಾಕಲಿಲ್ಲ. ಒಂದು ತಿಂಗಳು ಬಾಗಲಕೋಟೆಯ ಆಸ್ಪತ್ರೆ. ಆಮೇಲೆ ವರ್ಷ ತುಂಬುವವರೆಗೆ ಹದಿನೈದು ದಿನಕ್ಕೊಮ್ಮೆ ಜಮಖಂಡಿಯಲ್ಲಿ ಮೂತ್ರ ತಪಾಸಣೆ. ಗುಳಿಗೆ ತಿಂದದ್ದು ಕಂಡರೆ ಜೇಲು.

ಆ ತಿಂಗಳು ಬಹಳ ಕೆಟ್ಟದ್ದು. ಕೈ ನಡುಕ, ವಾಂತಿ. "ಮನಿಗೆ ಕರಕೊಂಡು ನಡಿಲೇ, ಸತ್ತರ ಮನ್ಯಾಗ ಸಾಯ್ತೇನಿ" ಅಂತ ಅತ್ತರು. ನಾನು ಕರೆತರಲಿಲ್ಲ.

ಏಳು ತಪಾಸಣೆಗಳಲ್ಲಿ ಏನೂ ಸಿಗಲಿಲ್ಲ. ಬಾಟಲಿ ಕೊಡುವ ನರ್ಸ್ ಅಂಜನಾ ಚೇಷ್ಟೆಯವಳು.

"ಬಂದ್ರೇನ್ರಿ ಮಾವಾರ? ಹದಿನೈದು ದಿನಾ ಆತಂದ್ರ ತಪ್ಪಸಂಗಿಲ್ಲ ನೀವು."

"ಏನ್ ಬೀಗತನ ನಿಮ್ಮದು! ಬಂದವರಿಗೆ ಚಹಾ ಇಲ್ಲ, ಖಾಲಿ ಬಾಟ್ಲಿ ಕೊಡ್ತೀರಿ."

ಎಂಟನೆಯ ತಪಾಸಣೆಯ ಹಿಂದಿನ ದಿನ ಮಗ್ಗ ಬಿಟ್ಟು ಎದ್ದರು. ಮೈ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು. ಮೊದಲಿನ ಹಾಗೆಯೇ. ಅಂಗಿ ಒಗೆಯಲು ಹೋದರೆ ಕಿಸೆಯಲ್ಲಿ ಖಾಲಿ ಸ್ಟ್ರಿಪ್. ಮೇಲೆ ಇಂಗ್ಲಿಷ್ ಅಕ್ಷರ. ನನಗೆ ಓದಲು ಬರುವುದಿಲ್ಲ. ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಮಗ್ಗದ ಮನೆಯಲ್ಲಿ ಒಂದು ರೂಢಿ ಇದೆ. ಗಂಡನಿಗೆ ಮೈಯಲ್ಲಿ ನೆಟ್ಟಗಿಲ್ಲದಿದ್ದರೆ ಹೆಂಡತಿ ಕುಣಿಗೆ ಇಳಿಯುತ್ತಾಳೆ. ಸೀರೆ ಗಂಡನ ಹೆಸರಿನಲ್ಲೇ ಹೋಗುತ್ತದೆ. ಕೈ ಬದಲಾದಲ್ಲಿ ಬಟ್ಟೆಯಲ್ಲಿ ಸಣ್ಣ ಗೆರೆ ಬೀಳುತ್ತದೆ. ಸೀರೆ ಒಯ್ಯುವ ಗಿರಿಮಲ್ಲಪ್ಪನವರು ಅದರ ಮೇಲೆ ಬೆರಳಿಟ್ಟು, "ಇಲ್ಲಿಂದ ಸುಂದರವ್ವಂದು ನೋಡ" ಅಂತ ನನ್ನ ಹೆಸರು ಹೇಳಿ ನಗುತ್ತಾರೆ. ಯಾರೂ ಅದನ್ನು ಮೋಸ ಅನ್ನುವುದಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಅವರು ತುಂಬಿದ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಮುಖ ತೊಳೆಯಲು ಹೋದರು. ನಾನು ಅದನ್ನು ಹೆಂಗಸರ ಕಡೆ ಒಯ್ದು ಚೆಲ್ಲಿದೆ. ನನ್ನದು ತುಂಬಿಸಿ ತಂದಿಟ್ಟೆ. ಕುಣಿಗೆ ಇಳಿದಂತೆಯೇ ಅನಿಸಿತು.

ಎರಡು ದಿನಕ್ಕೆ ಫೋನ್ ಬಂತು. ಹೋದೆವು. ಗುಳಿಗೆಯ ಅಂಶ ಇಲ್ಲ, ಆದರೆ ಸಕ್ಕರೆ ಬಹಳ ಇದೆ ಅಂದರು.

"ಏಳು ಸಲ ಇರಲಾರದ ಸಕ್ರಿ ಈಗ ಎಲ್ಲಿಂದ ಬಂತ್ರಿ ಮಾವಾರ?" ಅಂಜನಾ ನಗಲಿಲ್ಲ. ಅವರ ಬೆರಳು ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಹೆಚ್ಚಿರಲಿಲ್ಲ. ಆಮೇಲೆ ನನ್ನನ್ನು ನೋಡಿ, ನನ್ನ ಬೆರಳನ್ನೂ ಚುಚ್ಚಿದಳು. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದು ಹೀಗೆ.

ವರದಿ ಕೋರ್ಟಿಗೆ ಹೋಯಿತು. ಜಡ್ಜ್ ಸಾಹೇಬರು ಕೇಳಿದಾಗ ನಮ್ಮವರು, "ಬಾಟ್ಲಿ ನಾನ ಬದಲ ಮಾಡೇನ್ರಿ" ಅಂದುಬಿಟ್ಟರು. ನನ್ನ ಮೇಲೆ ಬರಬಾರದು ಅಂತ. ವಿಶ್ವಾಸ ವಕೀಲರು ತಲೆ ಹಿಡಿದುಕೊಂಡರು.

ನಾನು ಹಿಂದಿನಿಂದ ಎದ್ದು ನಿಂತೆ. "ಇಲ್ರೀ ಸಾಹೇಬ್ರ, ಅವರಿಗೆ ಗೊತ್ತಿದ್ದಿಲ್ಲ. ನಾ ಮಾಡೇನಿ."

"ಯಾಕಮ್ಮಾ?"

"ಮತ್ತ ತಿಂದಾರಂತ ತಿಳದ್ನಿರಿ. ಕಿಸೇದಾಗ ಗುಳಿಗಿ ಕಾಗದಾ ಇತ್ತ."

ನಮ್ಮವರು ನನ್ನ ಕಡೆ ತಿರುಗಿದರು. "ಅದು ಜ್ವರದ ಗುಳಿಗಿಲೇ" ಅಂದರು. ಅಷ್ಟೇ. ಪೊಲೀಸರು ಹಿಡಿದ ದಿನವೂ ಅವರ ಮುಖ ಹಾಗೆ ಆಗಿರಲಿಲ್ಲ.

ಅಂದೇ ಪೊಲೀಸರ ಎದುರಿಗೆ ಮತ್ತೆ ತಪಾಸಣೆ ಆಯಿತು. ಏನೂ ಸಿಗಲಿಲ್ಲ. ಎತ್ತಿಟ್ಟುಕೊಂಡಿದ್ದ ಖಾಲಿ ಸ್ಟ್ರಿಪ್ಪನ್ನು ಅಂಜನಾಗೆ ತೋರಿಸಿದೆ. ಜ್ವರದ್ದೇ. ಸಾಹೇಬರು ನನ್ನನ್ನು ಬೈದರು, ಜೇಲಿಗೆ ಕಳಿಸಲಿಲ್ಲ. ನಮ್ಮವರಿಗೆ ಮೂರು ತಿಂಗಳ ತಪಾಸಣೆ ಹೆಚ್ಚಿಗೆ ಹಾಕಿದರು. ನಾನು ಮಾಡಿದ್ದಕ್ಕೆ ಅವರು ಅಲೆದರು. ಒಂದು ಸಲವೂ ಎತ್ತಿ ಆಡಲಿಲ್ಲ.

ಎಲ್ಲ ಮುಗಿದ ದಿನ ವಕೀಲರು "ಆತ್ರಿ ಚನಮಲ್ಲಪ್ಪ, ಇನ್ನ ಬರೂದು ಬ್ಯಾಡ" ಅಂದರು. ಹದಿನೈದು ದಿನ ಕಳೆಯಿತು. ಮುಂಜಾನೆ ಒಗೆದ ಅಂಗಿ ಹಾಕಿಕೊಂಡು ಹೊರಟರು.

"ಎಲ್ಲಿಗಿ?"

"ಜಮಖಂಡಿಗಿ. ಬಾಟ್ಲಿ ಕೊಟ್ಟ ಬರ್ತೇನಿ."

"ಕೋರ್ಟಿನವರು ಸಾಕಂದಾರಲ್ಲ. ಇನ್ನ ಯಾರಿಗಿ ತೋರಸ್ತೀರಿ?"

"ನಿನಗ."

ವರದಿ ತಂದು ನನ್ನ ಮುಂದೆ ಇಟ್ಟರು. ಇಂಗ್ಲಿಷಿನಲ್ಲಿತ್ತು. "ಏನೂ ಇಲ್ಲಂತ ಬರದಾರ" ಅಂದರು. ಮತ್ತೆ ಹದಿನೈದು ದಿನಕ್ಕೆ ಹೋದರು, ತಂದಿಟ್ಟರು. ಮೂರನೆಯ ಸಲ ಅಂಗಿ ಹಾಕಿಕೊಳ್ಳುವಾಗ "ಬ್ಯಾಡ್ರಿ" ಅಂದೆ. ನನ್ನ ಮುಖ ನೋಡಿದರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕುಣಿಗೆ ಇಳಿದರು.

ಮೊದಲನೆಯ ಸಲವೇ ಅನ್ನಬೇಕಿತ್ತು.